ಡ್ರಾಫ್ಟಿನಲ್ಲಿ ಉಳಿದ ಕೂಗು

ನಮ್ಮ ಓಣಿಗೆ ನಳದ ನೀರು ಬರುತ್ತಿದ್ದುದು ದಿನ ಬಿಟ್ಟು ದಿನ. ಒಂದು ಸಲ ಬೆಳಿಗ್ಗೆ, ಇನ್ನೊಂದು ಸಲ ಸಂಜೆ. ಅಂದು ಸಂಜೆಯ ಪಾಳಿ. ಹಾಗಾಗಿ ಎದ್ದ ಕೂಡಲೇ ಕೊಡಗಳ ಕಡೆ ಓಡುವ ಅವಸರವಿರಲಿಲ್ಲ. ಚಹಾಕ್ಕೆ ಇಟ್ಟು, ಹಿಟ್ಟು ನಾದಿ, ರೊಟ್ಟಿ ಬಡಿಯಲು ಕುಳಿತೆ. ಕಿಟಕಿಯಿಂದ ಎಂದಿನಂತೆ ತಂಬಾಕಿನ ಘಾಟು ಬರುತ್ತಿತ್ತು. ನಿಪ್ಪಾಣಿಗೆ ಮದುವೆಯಾಗಿ ಬಂದ ಹೊಸದರಲ್ಲಿ ಆ ವಾಸನೆಗೆ ನನಗೆ ಸೀನು ನಿಲ್ಲುತ್ತಿರಲಿಲ್ಲ. ಈಗ ಗಾಳಿ ತಿರುಗಿ ವಾಸನೆ ಬರದಿದ್ದ ದಿನವೇ ಏನೋ ತಪ್ಪಿದಂತೆ ಅನಿಸುತ್ತದೆ.

ಹಿತ್ತಲ ಗೋಡೆಯಾಚೆ ಕೆಮ್ಮು ಕೇಳಿಸಿತು. ಪಕ್ಕದ ಮನೆಯ ಮಾವಶಿ ಕೆಲಸಕ್ಕೆ ಹೊರಟಿದ್ದರು. ತಂಬಾಕಿನ ವಖಾರದಲ್ಲಿ, ಅಂದರೆ ಗೋದಾಮಿನಲ್ಲಿ, ಜರಡಿ ಹಿಡಿಯುವ ಕೆಲಸ ಅವರದು. ಮೂಗು ಬಾಯಿಗೆ ಹಳೆಯ ಸೀರೆಯ ತುಂಡು ಕಟ್ಟಿಕೊಂಡು, ಹೊರಡುವ ಮುಂಚೆ ಗೋಡೆಯ ಮೇಲೆ ಮುಖ ತೋರಿಸಿ ಹೋಗುವುದು ರೂಢಿ.

"ವೈನಿ, ಇವತ್ತ ನಳಾ ಸಂಜೀಕಲ್ರಿ?"

"ಹೌದ್ರಿ ಮಾವಶಿ."

"ಹಂಗಾರ ಕೂಗ್ರಿ ಮತ್ತ. ನಾ ಅಷ್ಟೊತ್ತಿಗಿ ಬಂದಿರ್ತೇನಿ."

"ಎಂದಾರ ಕೂಗೂದು ಬಿಟ್ಟೇನೇನ್ರಿ?"

"ನೀವು ಬಿಟ್ರೂ ನಿಮ್ಮ ದನಿ ಬಿಡಬೇಕಲ್ರಿ! ಕಾನ್ವೆಂಟ್ ಸಾಲ್ಯಾಗ ಪ್ರಾರ್ಥನಾ ಹಾಡಿದ ದನಿ. ಬಾಜೂ ಊರು ಅಕ್ಕೋಳದ ಮಟಾ ಕೊಡಾ ತಗೊಂಡು ಎದ್ದು ಕುಂದರ್ತಾರ."

ನಮ್ಮ ಮನೆ ಓಣಿಯ ಇಳಿಜಾರಿನ ತುದಿಗಿದೆ. ನೀರು ಮೊದಲು ಇಣುಕುವುದು ನಮ್ಮ ನಳದಲ್ಲಿ. ನಳ ಬುಸುಗುಟ್ಟಿದ ಕೂಡಲೇ "ಮಾವಶಿ, ನಳಾ ಬಂತ್ರೀ!" ಎಂದು ನಾನು ಕೂಗಬೇಕು, ಅವರು ಆಚೆಯಿಂದ "ಬಂದ್ನಿ, ಬಂದ್ನಿ!" ಎನ್ನಬೇಕು. ಆಮೇಲೆ ಓಣಿಯುದ್ದಕ್ಕೂ ಕೊಡಗಳ ಸದ್ದು. ವರ್ಷಗಳಿಂದ ಹೀಗೇ ನಡೆದು ಬಂದಿತ್ತು. ನಮ್ಮವರು ಕಾರಕೂನರಾಗಿರುವ ತಂಬಾಕು ವ್ಯಾಪಾರದ ಪೇಢಿಯ ವಖಾರದಲ್ಲಿ ಮಾವಶಿಗೆ ಕೆಲಸ ಸಿಕ್ಕಿದ್ದೂ ಈ ಗೋಡೆಯ ಮೇಲಿನ ಮಾತಿನಿಂದಲೇ. ನಾನು ನಮ್ಮವರಿಗೆ ಹೇಳಿದ್ದೆ, ಅವರು ಅಲ್ಲಿ ಹೇಳಿದ್ದರು.

ನಮ್ಮವರು ಡಬ್ಬಿ ತೆಗೆದುಕೊಂಡು ಹೋದರು. ನಾನು ಪಾತ್ರೆ ತೊಳೆದು, ಕೈ ಒರೆಸಿಕೊಂಡು ಕಂಪ್ಯೂಟರಿನ ಮೇಲಿನ ಹೊದಿಕೆ ತೆಗೆದೆ.

ಆ ವರ್ಷ ನಾನು ಮನೆಯಲ್ಲೇ ಕುಳಿತು ಅನುವಾದದ ಕೆಲಸ ಮಾಡುತ್ತಿದ್ದೆ. ತಂಬಾಕಿನ ವಖಾರಗಳಲ್ಲಿ ದುಡಿಯುವ ಹೆಂಗಸರ ಬಗ್ಗೆ ಪುಣೆಯ ಒಂದು ಸಣ್ಣ ಗುಂಪು ಅಧ್ಯಯನ ನಡೆಸಿತ್ತು. ಅದರ ಮುಖ್ಯಸ್ಥೆಯನ್ನು ನಾನು ಮೇಡಂ ಎನ್ನುತ್ತಿದ್ದೆ. ಅವರು ಊರೂರು ತಿರುಗಿ ಹೆಂಗಸರ ಮಾತುಗಳನ್ನು ರೆಕಾರ್ಡ್ ಮಾಡಿ, ಪೆನ್‌ಡ್ರೈವಿನಲ್ಲಿ ಹಾಕಿ ಕೈಯಾರೆ ತಂದುಕೊಡುತ್ತಿದ್ದರು. ಅರ್ಧ ಕನ್ನಡ, ಅರ್ಧ ಮರಾಠಿಯ ಆ ಮಾತುಗಳನ್ನು ಇಂಗ್ಲಿಷಿಗೆ ಇಳಿಸಿ ಕಳಿಸುವುದು ನನ್ನ ಕೆಲಸ. ಹೆಸರುಗಳಿರುತ್ತಿರಲಿಲ್ಲ, ಸಂಖ್ಯೆಗಳಷ್ಟೇ. ಮೇಡಂ ಹಾಕಿದ ಷರತ್ತು ಒಂದೇ: ಕಳಿಸುವ ಮೇಲ್‌ಗೆ ಬೀಗ ಹಾಕಿರಬೇಕು.

ಮೇಲ್‌ಗೆ ಬೀಗ ಹಾಕುವುದೆಂದರೇನೆಂದು ಅರಿಯಲು ನನಗೆ ಒಂದು ವಾರ ಹಿಡಿಯಿತು. ನನ್ನ ಅಕೌಂಟು ಎಲ್ಲರದಿರುವಂಥ ಪುಕ್ಕಟೆಯದೇ. ಬ್ರೌಸರಿಗೆ ಅಂಟಿಕೊಂಡು ಕೂರುವ ಒಂದು ಸಣ್ಣ ತಂತ್ರಾಂಶ ಹಾಕಿಕೊಂಡರೆ ಬರೆಯುವ ಜಾಗದ ಮೂಲೆಯಲ್ಲಿ ಒಂದು ಗುಂಡಿ ಮೂಡುತ್ತದೆ. ಅದನ್ನು ಒತ್ತಿದರೆ ಬೇರೆಯದೇ ಕಿಟಕಿ ತೆರೆಯುತ್ತದೆ. ಅಲ್ಲಿ ಬರೆದು ಮುಗಿಸಿದರೆ ಬರಹವೆಲ್ಲ ಅರ್ಥವಿಲ್ಲದ ಅಕ್ಷರಗಳ ರಾಶಿಯಾಗಿ ಮೇಲ್‌ನೊಳಗೆ ಬಂದು ಕೂರುತ್ತದೆ. "ಒತ್ತಿದರೆ ಬೀಳುವ ಬೀಗ ಇರತೈತಲ್ಲ, ಹಂಗ," ಎಂದು ಧಾರವಾಡ ಕಡೆಯವರಾದ ಮೇಡಂ ಹೇಳಿಕೊಟ್ಟಿದ್ದರು. "ತೆರೆದ ಬೀಗಾ ನಿಮಗ ಕಳಿಸೇನಿ. ನೀವು ಪೆಟ್ಟಿಗ್ಯಾಗ ಕಾಗದ ಹಾಕಿ ಒತ್ತರಿ. ಕೀಲಿಕೈ ನನ್ನ ಹತ್ರ ಮಾತ್ರ ಇರತೈತಿ. ಒತ್ತಿದ ಮ್ಯಾಲ ನಿಮಗೂ ತಗ್ಯಾಕ ಬರಂಗಿಲ್ಲ." ಬಂದಿರುವುದು ಅವರದೇ ಬೀಗ ಎಂದು ಖಾತ್ರಿ ಮಾಡಿಕೊಳ್ಳಲು ಅದರ ಗುರುತಿನ ಅಕ್ಷರಗಳನ್ನು ಫೋನಿನಲ್ಲಿ ಒಂದೊಂದಾಗಿ ಓದಿ ತಾಳೆ ನೋಡಿದೆವು. ಆ್ಯಪಲ್‌ನ ಎ, ಡಾಲ್‌ನ ಡಿ ಎಂದು ನಾನು ಕಾನ್ವೆಂಟಿನ ರಾಗದಲ್ಲಿ ಓದುತ್ತಿದ್ದರೆ ಹೊರಗೆ ಕಾಯಿಪಲ್ಲೆ ಮಾರುವವಳು ಬುಟ್ಟಿ ಇಳಿಸಿ, ಬೆರಗಾಗಿ ಕೇಳುತ್ತ ನಿಂತಿದ್ದಳು.

ಅವರು ಕಳಿಸುವ ಉತ್ತರ ತೆರೆಯಲು ನನ್ನದೂ ಒಂದು ಕೀಲಿಕೈ ಬೇಕಿತ್ತು. ಅದಕ್ಕೆ ಉದ್ದನೆಯ ಗುಪ್ತಪದ. ಯಾರೂ ಊಹಿಸಲಾಗದ್ದು, ನಾನು ಮರೆಯಲಾಗದ್ದು. ತವರಿನ ಅಡುಗೆಮನೆಯ ಗೂಡಿನಲ್ಲಿ ಅವ್ವ ಸಾಲಾಗಿ ಇಡುತ್ತಿದ್ದ ಡಬ್ಬಿಗಳನ್ನು ಎಡದಿಂದ ಬಲಕ್ಕೆ ನೆನೆದು ಬರೆದೆ. ಆ ಸಾಲು ಅವ್ವನಿಗೂ ನನಗೂ ಬಿಟ್ಟು ಇನ್ನಾರಿಗೂ ಗೊತ್ತಿಲ್ಲ.

ಮೊದಲ ಮೇಲ್‌ನಲ್ಲೇ ತಪ್ಪು ಮಾಡಿದ್ದೆ. ಪ್ರತಿ ಉತ್ತರಕ್ಕೂ ಅಂದವಾದ ತಲೆಬರಹ ಬರೆಯಬೇಕೆಂದು ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ್ದು ಕೈಗೆ ಅಂಟಿತ್ತು. ವಿಷಯದ ಸಾಲಿನಲ್ಲಿ ಊರು, ಕೆಲಸ, ಮಾತಾಡಿದವಳ ವಯಸ್ಸು ಎಲ್ಲವನ್ನೂ ಬರೆದುಬಿಟ್ಟಿದ್ದೆ. ವಿಷಯದ ಸಾಲಿಗೆ ಬೀಗ ಬೀಳುವುದಿಲ್ಲ. "ಲಕೋಟಿ ಮ್ಯಾಲ ಎಲ್ಲಾ ಬರದು ಒಳಗ ಅಂಟು ಹಚ್ಚಿದ್ರ ಏನ ಬಂತ್ರಿ?" ಎಂದಿದ್ದರು ಮೇಡಂ. ಆಮೇಲಿಂದ ಆ ಸಾಲಿನಲ್ಲಿ ಬರೀ "ನಮಸ್ಕಾರ".

ಇನ್ನೊಂದು ಸಂಗತಿಯನ್ನು ಇಲ್ಲೇ ಹೇಳಬೇಕು. ನನ್ನ ಅಕೌಂಟನ್ನು ನಮ್ಮವರೇ ಅವರ ಪೇಢಿಯ ಕಂಪ್ಯೂಟರಿನಲ್ಲಿ ತೆರೆದುಕೊಟ್ಟಿದ್ದರು. ಆಗ ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ಅಲ್ಲಿ ಅದು ತೆರೆದೇ ಇರುತ್ತಿತ್ತು. ಹೆಂಡತಿಯ ಮೇಲ್ ಗಂಡ ನೋಡುವುದು, ಗಂಡನ ಫೋನನ್ನು ಹೆಂಡತಿ ಎತ್ತುವುದು ನಮ್ಮಲ್ಲಿ ಯಾರಿಗೂ ವಿಶೇಷವಲ್ಲ. "ನಿನ್ನ ಪುಣೆ ಮೇಲ್ ಬಂದೈತಿ ನೋಡ. ಪುಟದ ತುಂಬ ಇರಬಿ ಹರದಾಡಿದಂಗ ಕಾಣತೈತಿ," ಎಂದು ನಮ್ಮವರು ನಗುತ್ತಿದ್ದರು. ಬೀಗ ಬಿದ್ದ ಮೇಲ್ ಎಲ್ಲಿ ತೆರೆದಿದ್ದರೇನು, ಇರುವೆಗಳನ್ನು ಯಾರು ಓದುತ್ತಾರೆ ಎಂದು ನಾನೂ ಸುಮ್ಮನಿದ್ದೆ.

ಅಂದು ಏಳನೆಯ ಹೆಂಗಸಿನ ಮಾತಿನ ಕೊನೆಯ ಭಾಗ ಬಾಕಿಯಿತ್ತು. ಎರಡು ದಿನದಿಂದ ಅದನ್ನೇ ಕೇಳುತ್ತಿದ್ದೆ. ಬಾಯಿಗೆ ಬಟ್ಟೆ ಹಿಡಿದು ಪಿಸುಗುಟ್ಟಿದಂಥ ಧ್ವನಿ, ನಡುನಡುವೆ ಕೆಮ್ಮು. ಒಂದೊಂದು ವಾಕ್ಯವನ್ನು ಮೂರು ಮೂರು ಸಲ ಹಿಂದಕ್ಕೆ ಹೋಗಿ ಕೇಳಬೇಕಿತ್ತು. ಕೆಲಸ ಶುರುವಾದ ಮೇಲೆ ಆಳುಗಳ ಮೇಲ್ವಿಚಾರಕ ಮುಕಾದಮ ವಖಾರದ ಬಾಗಿಲಿಗೆ ಹೊರಗಿನಿಂದ ಕೀಲಿ ಹಾಕುತ್ತಾನೆ, ಹೆಂಗಸರು ಆಗಾಗ ಹೊರಗೆ ಹೋಗಿ ಹೊತ್ತು ಕಳೆಯಬಾರದೆಂದು. ಒಂದು ದಿನ ಪುಡಿಯ ಘಾಟಿಗೆ ಒಬ್ಬಳು ಎಚ್ಚರ ತಪ್ಪಿ ಬಿದ್ದಳು. ಉಳಿದವರು ಜರಡಿಯಿಂದ ಬಾಗಿಲು ಬಡಿದೇ ಬಡಿದರು. ಕೀಲಿಕೈ ಮುಕಾದಮನ ಸೊಂಟದಲ್ಲಿ, ಮುಕಾದಮ ಚಹಾದಂಗಡಿಯಲ್ಲಿ. ಅವನು ಬಂದು ತೆಗೆಯುವವರೆಗೆ ಬಿದ್ದವಳ ಮುಖಕ್ಕೆ ಸೆರಗಿನಿಂದ ಗಾಳಿ ಹಾಕುತ್ತ ಕುಳಿತಿದ್ದರಂತೆ.

"ನನ್ನ ಹೆಸರ ಮಾತ್ರ ಎಲ್ಲೂ ಬರಬಾರ್ದ್ರಿ," ಎಂದಿತ್ತು ಆ ಧ್ವನಿ. "ನನ್ನ ಒಬ್ಬಾಕಿನ್ನ ತಗದ್ರ ತಗೀಲಿ. ನನ್ನ ಬೆನ್ನ ಹತ್ತಿ ಬಂದ ಹುಡುಗ್ಯಾರ ಅದಾರ. ಅವ್ರನ್ನೂ ಹೊರಗ ಹಾಕ್ತಾನವ."

ಕೊನೆಯ ಭಾಗ ಬರೆಯಲು ಗುಂಡಿ ಒತ್ತಿದೆ. ಕಿಟಕಿ ತೆರೆಯಲಿಲ್ಲ. ಬ್ರೌಸರು ತನ್ನಷ್ಟಕ್ಕೆ ತಾನೇ ಅಪ್‌ಡೇಟ್ ಆಗಿತ್ತು. ಬೀಗದ ತಂತ್ರಾಂಶಕ್ಕೂ ಅದಕ್ಕೂ ಹೊಂದಿಕೆ ತಪ್ಪಿತ್ತು. ಮಧ್ಯಾಹ್ನ ಕರೆಂಟು ಹೋಗುವುದರೊಳಗೆ ಮುಗಿಸುವ ಆತುರ ನನಗೆ. ಸದ್ಯಕ್ಕೆ ಮೇಲ್‌ನಲ್ಲೇ ನೇರ ಬರೆದುಬಿಡೋಣ, ಆಮೇಲೆ ಎಲ್ಲ ಸರಿಮಾಡಿ ಬೀಗ ಹಾಕೋಣ ಎಂದುಕೊಂಡೆ. ನಾನು ಕಳಿಸುವವರೆಗೆ ಅದು ಎಲ್ಲೂ ಹೋಗುವುದಿಲ್ಲವಲ್ಲ.

ಕಿವಿಗೆ ಇಯರ್‌ಫೋನು, ಕೀಲಿಮಣೆಯ ಮೇಲೆ ಕೈ. ಮಾತಿನ ನಡುವಿನ ಸದ್ದುಗಳನ್ನೂ ಬಿಡದೆ ಬರೆಯಬೇಕೆಂಬುದು ನಿಯಮ. ಕೋಳಿಯ ಸದ್ದು ಬಂತು, ಬರೆದೆ. ದೂರದಲ್ಲಿ ಲಾರಿ ಹೋಯಿತು, ಬರೆದೆ. ಆಮೇಲೆ ಒಬ್ಬ ಹೆಂಗಸು ಉದ್ದ ರಾಗದಲ್ಲಿ ಕೂಗಿದಳು: ಮಾವಶಿ, ನಳಾ ಬಂತ್ರೀ. ಪಿಸುಗುಟ್ಟುತ್ತಿದ್ದವಳು ಬಾಯಿಯ ಬಟ್ಟೆ ತೆಗೆದವಳಂತೆ ಗಟ್ಟಿಯಾಗಿ ಉತ್ತರಿಸಿದಳು: ಬಂದ್ನಿ, ಬಂದ್ನಿ. ಅದನ್ನೂ ಇಂಗ್ಲಿಷಿನಲ್ಲಿ ಬರೆದು ಕಂಸ ಹಾಕಿದೆ. ಬರೆದಾದ ಮೇಲೆ ಕೈ ನಿಂತಿತು.

ಹಿಂದಕ್ಕೆ ಹೋಗಿ ಇನ್ನೊಮ್ಮೆ ಕೇಳಿದೆ. ಕೂಗಿದ್ದು ನಾನು.

ಏಳನೆಯ ಹೆಂಗಸು ಗೋಡೆಯಾಚೆಯ ಮಾವಶಿ. ಆ ಮುಕಾದಮ ನಮ್ಮವರ ಪೇಢಿಯವನು. ಬೆಳಗಿನ ಆ ಕೆಮ್ಮನ್ನು ಎರಡು ದಿನದಿಂದ ಕಿವಿಗೆ ಇಟ್ಟುಕೊಂಡು ಕೇಳಿಯೂ ಗುರುತು ಹಿಡಿದಿರಲಿಲ್ಲ. ಅವರು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನೆಂದೂ ಕೇಳಿರಲಿಲ್ಲ.

ಆಗಲೇ ಕಣ್ಣಿಗೆ ಬಿದ್ದದ್ದು, ಪರದೆಯ ಕೆಳಗಿನ ಬೂದು ಬಣ್ಣದ ಪುಟ್ಟ ಅಕ್ಷರಗಳು: ಡ್ರಾಫ್ಟ್ ಉಳಿಸಲಾಗಿದೆ. ನಾನು ಕಳಿಸದಿದ್ದರೂ ಬರೆದದ್ದೆಲ್ಲ ಬೀಗವಿಲ್ಲದೆ ಅಕೌಂಟಿನಲ್ಲಿ ಹೋಗಿ ಕುಳಿತಿತ್ತು. ಅಕೌಂಟು ಪೇಢಿಯಲ್ಲೂ ತೆರೆದಿತ್ತು. ಅಳಿಸಲೆಂದು ಮೌಸಿಗೆ ಕೈ ಹಾಕುವಷ್ಟರಲ್ಲಿ ಫ್ಯಾನು ನಿಧಾನವಾಯಿತು. ಯುಪಿಎಸ್ ಒಂದು ಸಲ ಕೀಚಲು ದನಿ ತೆಗೆದು ಸುಮ್ಮನಾಯಿತು.

ಮೇಡಂಗೆ ಫೋನ್ ಮಾಡಿದೆ. ಅವರು ಗಾಬರಿಯಾಗಲಿಲ್ಲ. ನಂಬಿಕೆಯಿರುವ ಯಂತ್ರದಿಂದ ಡ್ರಾಫ್ಟ್ ಅಳಿಸಿ, ಕಸದಬುಟ್ಟಿಯಿಂದಲೂ ಅಳಿಸಿ, ಪಾಸ್‌ವರ್ಡ್ ಬದಲಿಸಿ, ಬೇರೆ ಕಡೆ ತೆರೆದಿರುವುದನ್ನೆಲ್ಲ ಮುಚ್ಚಿ ಎಂದರು. "ಬ್ಯಾರೆ ಎಲ್ಲೆ ತೆರದೈತ್ರಿ?" ಎಂದು ಕೇಳಿದರು. ಹೇಳಿದೆ. "ಹಂಗಾರ ತಡಾ ಮಾಡಬ್ಯಾಡ್ರಿ," ಎಂದರು.

ನನ್ನ ಫೋನು ಮಾತಾಡಲು ಮಾತ್ರ ಬರುವಂಥದ್ದು. ಬಸ್ ನಿಲ್ದಾಣದ ಬಳಿಯ ನೆಟ್ ಅಂಗಡಿಯಲ್ಲೂ ಕರೆಂಟು ಇರಲಾರದು. ಇದ್ದರೂ ಹೆಗಲ ಮೇಲಿಂದ ನಾಲ್ಕು ಜನ ಇಣುಕುವ ಜಾಗ. ನಮ್ಮವರಿಗೆ ಫೋನ್ ಮಾಡಿ ಅಳಿಸಲು ಹೇಳಬಹುದಿತ್ತು. ಆದರೆ ಅಳಿಸಬೇಕೆಂದರೆ ತೆರೆಯಬೇಕು, ತೆರೆದರೆ ಕಣ್ಣಿಗೆ ಬೀಳುತ್ತದೆ. ನಮ್ಮವರು ನಿತ್ಯ ಆ ಮುಕಾದಮನ ಎದುರು ಕೂರುವವರು. ಗೊತ್ತಿದ್ದೂ ಗೊತ್ತಿಲ್ಲದಂತೆ ಇರುವುದು ಅವರಿಗೆ ಬಾರದ ವಿದ್ಯೆ. ಮಧ್ಯಾಹ್ನ ಊಟವಾದ ಮೇಲೆ ಮಾಲೀಕರ ಅಳಿಯ ಬಂದು ಅದೇ ಕಂಪ್ಯೂಟರಿಗೆ ಕೂರುತ್ತಾರೆ. ಅವರಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ. ಪೇಢಿಯಲ್ಲಿ ಜನರೇಟರ್ ಇದೆ.

ನಾನೇ ಹೋಗುವುದೆಂದು ನಿಶ್ಚಯಿಸಿದೆ. ಬರಿಗೈಲಿ ಹೋದರೆ ನಾಲ್ಕು ಮಂದಿ ಕೇಳುತ್ತಾರೆಂದು ಶೇಂಗಾ ಚಟ್ನಿಯ ಸಣ್ಣ ಡಬ್ಬಿ ಹಿಡಿದುಕೊಂಡೆ.

ಪೇಢಿಯ ಕಟ್ಟೆಯ ಮೇಲೆ ಮುಕಾದಮರು ಕುಳಿತಿದ್ದರು. ನನ್ನನ್ನು ಕಂಡ ಕೂಡಲೇ ಎದ್ದರು. ಬಿಳಿ ಟೋಪಿ, ಒಗೆದು ಗರಿಯಾದ ಅಂಗಿ, ಸೊಂಟದಲ್ಲಿ ಕೀಲಿಕೈಗಳ ಗೊಂಚಲು. ಗೊಂಚಲಿನ ಒಂದು ಕೀಲಿಕೈಗೆ ಕೆಂಪು ದಾರ ಕಟ್ಟಿತ್ತು, ಅವಸರದಲ್ಲಿ ಬೇಗ ಸಿಗಲೆಂದಿರಬೇಕು.

"ಬರ್ರಿ ವೈನಿ, ಬರ್ರಿ. ಇಂಥಾ ಬಿಸಲಾಗ ಯಾಕ ಬಂದ್ರಿ? ಏ, ವೈನ್ಯಾರಿಗಿ ನೀರ ತರ್ರಿ."

ಒಳಗೆ ನಮ್ಮವರು ತಲೆಯೆತ್ತಿದರು. "ಏನಾತು?"

"ಚಟ್ನಿ ಮರತ ಬಂದಿದ್ರಿ," ಎಂದೆ.

ಅವರ ಡಬ್ಬಿ ತೆರೆದೇ ಇತ್ತು. ಅದರಲ್ಲಿ ಬೆಳಿಗ್ಗೆ ನಾನೇ ಹಾಕಿದ ಚಟ್ನಿ ಇತ್ತು. ಅವರು ಅದನ್ನೊಮ್ಮೆ, ನನ್ನ ಕೈಯಲ್ಲಿನ ಡಬ್ಬಿಯನ್ನೊಮ್ಮೆ ನೋಡಿದರು. "ಹೌದು, ಮರತಿದ್ನಿ," ಎಂದು ಮುಚ್ಚಳ ಹಾಕಿದರು.

"ಒಂದಿಷ್ಟು ನಿಮ್ಮ ಕಂಪ್ಯೂಟರ್ ಬೇಕಾಗಿತ್ರಿ. ಮನ್ಯಾಗ ಕರೆಂಟಿಲ್ಲ."

ಮುಕಾದಮರು ಬಾಗಿಲಲ್ಲಿ ನಿಂತು ನಕ್ಕರು. "ವೈನ್ಯಾರು ನಮ್ಮ ಪೇಢಿಗಿ ನೌಕರಿಗಿ ಬಂದ್ರಪಾ! ಹಂಗಾರ ನಾಳಿಂದ ರೊಟ್ಟಿ ಬಡಿಯೂದು ನಿಮ್ಮ ಪಾಳಿ ನೋಡ್ರಿ ಕಾರಕೂನ್ರ."

"ಅಂವ ಬಡದ ರೊಟ್ಟಿ ತಿನ್ನಾಕ ನೀವ ಬರಬೇಕು," ಎಂದೆ. ನನ್ನ ದನಿ ನನಗೇ ಬೇರೆ ಯಾರದೋ ಅನಿಸಿತು. ಗಾಬರಿಯಲ್ಲಿ ನಮ್ಮವರನ್ನು ಏಕವಚನದಲ್ಲಿ ಅಂವ ಎಂದಿದ್ದೆ. ಮುಕಾದಮರು ಇನ್ನೂ ಜೋರಾಗಿ ನಕ್ಕರು. ನಮ್ಮವರು ನಗಲಿಲ್ಲ. ಎದ್ದು ನನಗೆ ಕುರ್ಚಿ ಬಿಟ್ಟು, ಹಾಜರಿ ಪುಸ್ತಕ ಬಿಚ್ಚಿ ಹಿಡಿದು, ಪರದೆಗೂ ಬಾಗಿಲಿಗೂ ನಡುವೆ ಬೆನ್ನು ಮಾಡಿ ನಿಂತರು. "ನಿನ್ನಿ ಎರಡನೇ ಪಾಳಿ ಯಾರ್ಯಾರು ಬಂದಿದ್ರು, ಹೇಳ್ರಿ ನೋಡೂಣು," ಎಂದು ಮುಕಾದಮರನ್ನು ಮಾತಿಗೆ ಹಿಡಿದರು.

ಮೇಲ್ ತೆರೆದೇ ಇತ್ತು. ಪಟ್ಟಿಯಲ್ಲಿ ಡ್ರಾಫ್ಟಿನ ಮೊದಲ ಸಾಲು ತೆರೆಯದೆಯೇ ಕಾಣುತ್ತಿತ್ತು: ಬೀಗ ಹಾಕಿದ ಬಾಗಿಲು, ಜರಡಿಯ ಬಡಿತ. ಅಳಿಸಿದೆ. ಕಸದಬುಟ್ಟಿಗೆ ಹೋಗಿ ಅಲ್ಲಿಂದಲೂ ಅಳಿಸಿದೆ. ಬ್ರೌಸರು ನೆನಪಿಟ್ಟುಕೊಂಡಿದ್ದ ಪಾಸ್‌ವರ್ಡ್ ತೆಗೆದೆ. ಹೊಸ ಪಾಸ್‌ವರ್ಡ್ ಹಾಕಿ, ಬೇರೆ ಕಡೆಯದನ್ನೆಲ್ಲ ಮುಚ್ಚಿದೆ. ಪ್ರತಿ ಸಲವೂ ಯಂತ್ರ ಖಚಿತವೇ ಎಂದು ಕೇಳುತ್ತಿತ್ತು. ಹಿಂದೆ ಕೀಲಿಕೈಗಳ ಸದ್ದು ಹತ್ತಿರವಾಯಿತು.

"ಇಂಗ್ಲಿಷ್ ಏನ್ರಿ ವೈನಿ?"

"ಹೌದ್ರಿ. ಸಾಲಿ ಗೆಳತಿಗಿ ಬರದದ್ದು."

"ನಮ್ಮ ಮೊಮ್ಮಗಳನ್ನೂ ಇಂಗ್ಲಿಷ್ ಸಾಲಿಗಿ ಹಾಕೇವ್ರಿ. ಒಂದಿನಾ ಕರಕೊಂಡ ಬರ್ತೇನಿ, ಎಷ್ಟ ಬರತೈತಿ ಕೇಳಿ ನೋಡ್ರಿ."

"ಕರಕೊಂಡ ಬರ್ರಿ," ಎಂದೆ. ನನ್ನ ಮುಂದಿನ ಪರದೆಯಲ್ಲಿ ಪ್ರವೇಶದ ಖಾಲಿ ಚೌಕಗಳಷ್ಟೇ ಉಳಿದಿದ್ದವು. ಅವರು ತರಿಸಿದ ನೀರು ತಣ್ಣಗಿತ್ತು. ಪೂರ್ತಿ ಕುಡಿದೆ.

ನಮ್ಮವರು ಮೂಲೆಯವರೆಗೆ ಕಳಿಸಲು ಬಂದರು. "ಮುಂಜಾನಿಂದ ನಿನ್ನ ಮೇಲ್ ಯಾರೂ ತಗದಿಲ್ಲ," ಎಂದರು ಅವರಾಗಿಯೇ.

"ಏನಂತ ಕೇಳಂಗಿಲ್ಲೇನ್ರಿ?"

"ಹೇಳೂ ಹಂಗ ಇದ್ದಿದ್ರ ಫೋನಿನ್ಯಾಗ ಹೇಳತಿದ್ದಿ." ಪೇಢಿಯ ಕಡೆ ತಿರುಗುತ್ತ, "ಇನ್ನೊಮ್ಮಿ ಬರೂದಾದ್ರ ಚಟ್ನಿ ತರಬ್ಯಾಡ. ಮಸರ ತಾ," ಎಂದರು.

ಮನೆಗೆ ಬಂದು ಹೊತ್ತಾದ ಮೇಲೆ ಕರೆಂಟು ಬಂತು. ಬೀಗದ ತಂತ್ರಾಂಶವನ್ನು ತೆಗೆದು ಮತ್ತೆ ಹಾಕಿದೆ. ಅದಕ್ಕೂ ಮೊದಲು ನನ್ನ ಕೀಲಿಕೈಯನ್ನು ಬೇರೆಡೆ ಉಳಿಸಿಕೊಳ್ಳಬೇಕೆಂಬುದು ನೆನಪಿತ್ತು, ದೇವರ ದಯೆ. ಡಬ್ಬಿಗಳ ಸಾಲನ್ನು ಎಡದಿಂದ ಬಲಕ್ಕೆ ಬರೆದೆ. ಕಿಟಕಿ ತೆರೆಯಿತು.

ಎಲ್ಲವನ್ನೂ ಮೊದಲಿಂದ ಬರೆದೆ. ಕೋಳಿಯ ಸದ್ದು, ಲಾರಿಯ ಸದ್ದು. ಕೂಗಿನ ಜಾಗಕ್ಕೆ ಬಂದಾಗ ಬಹಳ ಹೊತ್ತು ಕುಳಿತೆ. ಏನನ್ನೂ ಬಿಡಬಾರದೆಂಬುದು ನಿಯಮ. ಬಿಟ್ಟರೆ ನಾನು ಒಪ್ಪಿಕೊಂಡ ಕೆಲಸಕ್ಕೆ ಸುಳ್ಳಾಗುತ್ತೇನೆ. ಬರೆದರೆ ಆ ಒಂದು ಸಾಲು ಸಾಕು. ಹೆಸರು ಬೇಕಾಗಿಯೇ ಇಲ್ಲ. ನಮ್ಮ ಓಣಿಯಲ್ಲಿ ಮಾವಶಿ ಎಂದು ಯಾರು ಯಾರನ್ನು ಕೂಗುತ್ತಾರೆಂಬುದು ಪೇಢಿಯವರಿಗೆಲ್ಲ ಗೊತ್ತು. ಮುಕಾದಮರೂ ನಮ್ಮ ಮನೆಯಲ್ಲಿ ಚಹಾ ಕುಡಿಯುತ್ತ ಆ ಕೂಗು ಕೇಳಿದವರೇ. ಬೀಗ ಎಷ್ಟೇ ಗಟ್ಟಿಯಿರಲಿ, ಮೇಡಂ ಮುಂದೊಂದು ದಿನ ಅಚ್ಚು ಹಾಕಿಸುವ ವರದಿಗೆ ಬೀಗ ಇರುವುದಿಲ್ಲ.

ಸಾಲನ್ನು ಬಿಟ್ಟೆ. ಬಿಟ್ಟಿರುವುದನ್ನು ಮುಚ್ಚಿಡಲಿಲ್ಲ. ಅದೇ ಕಿಟಕಿಯಲ್ಲಿ ಕೆಳಗೆ ಬರೆದೆ: ಇಲ್ಲಿ ಒಂದು ಕೂಗು ಮತ್ತು ಅದರ ಉತ್ತರವನ್ನು ಬಿಟ್ಟಿದ್ದೇನೆ. ಕೂಗಿದವಳು ನಾನು. ಮಾತಾಡಿದವರನ್ನು ಬಲ್ಲೆ. ಧ್ವನಿಯ ಮೂಲ ಪ್ರತಿಯಿಂದಲೂ ಆ ತುಂಡನ್ನು ಕತ್ತರಿಸಿ. ಈ ಊರಿನ ರೆಕಾರ್ಡುಗಳನ್ನು ಇನ್ನು ನನಗೆ ಕೊಡಬೇಡಿ. ನೀವು ಬೀಗ ಹಾಕಿಸುವ ಈ ಮಾತುಗಳೊಳಗೆ ನಾನೂ ಇದ್ದೇನೆ. ಒತ್ತಿದೆ. ಇರುವೆಗಳು ಬಂದು ಕುಳಿತವು. ಕಳಿಸಿದೆ.

ಉತ್ತರ ಬೇಗನೆ ಬಂತು. ತುಂಡು ಕತ್ತರಿಸಿದ್ದೇವೆ, ನಿಪ್ಪಾಣಿಯ ಉಳಿದವನ್ನು ಬೇರೆಯವರಿಗೆ ಕೊಡುತ್ತೇವೆ, ಅಥಣಿ, ಕಾಗವಾಡ ಕಡೆಯ ಹೊಲಗೆಲಸದ ಹೆಂಗಸರ ಮಾತುಗಳು ಸಿಕ್ಕಾಗ ನಿಮಗೆ ಎಂದಿತ್ತು. ಕೊನೆಯಲ್ಲಿ ಒಂದು ಸಾಲು: ನಿಮಗೆ ಗೊತ್ತಾಗಿದೆ ಎಂದು ಅವರಿಗೆ ಗೊತ್ತಾಗುವುದು ಬೇಡ, ಅವರಾಗಿ ಹೇಳಿದರೆ ಆ ಮಾತು ಬೇರೆ.

ಕೆಲಸ ಅರ್ಧಕ್ಕರ್ಧ ಕಡಿಮೆಯಾಯಿತು. ಪೆನ್‌ಡ್ರೈವನ್ನು ಅಕ್ಕಿಯ ಡಬ್ಬಿಯೊಳಗಿಟ್ಟು, ಕಂಪ್ಯೂಟರಿಗೆ ಹೊದಿಕೆ ಹಾಕಿದೆ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಗೋಡೆಯಾಚೆ ಕೆಮ್ಮು ಕೇಳಿಸಿತು. ಬೆಳಗಿಗಿಂತ ಒಣಗಿತ್ತು. ಕಾಲು ತೊಳೆದ ಸದ್ದು, ಒಲೆಗೆ ಕಡ್ಡಿ ಗೀರಿದ ಸದ್ದು. ನಮ್ಮ ನಳ ಬುಸುಗುಟ್ಟಿ, ಎರಡು ಹನಿ ಉಗುಳಿ, ಧಾರೆಯಾಯಿತು. ನಾನು ಹಿತ್ತಲಿಗೆ ಹೋಗಿ ಗೋಡೆಗೆ ಮುಖ ಮಾಡಿ ಬಾಯಿ ತೆರೆದೆ.  ಮಧ್ಯಾಹ್ನ ಕಿವಿಯಲ್ಲಿ ಕೇಳಿದ ಆ ಉದ್ದ ರಾಗ ನೆನಪಾಗಿ, ಕೂಗದೆ ಬಾಯಿ ಮುಚ್ಚಿದೆ. ಕೈಯಲ್ಲಿದ್ದ ಸ್ಟೀಲಿನ ತಂಬಿಗೆಯಿಂದ ಗೋಡೆಯನ್ನು ಎರಡು ಸಲ ಬಡಿದೆ.

ಆಚೆ ಕೊಡದ ಸದ್ದಾಗಲಿಲ್ಲ. ಇನ್ನೊಮ್ಮೆ ಬಡಿದೆ. ಮಾವಶಿಯ ಮುಖ ಮೇಲೆ ಬಂತು. ಹುಬ್ಬಿನ ಮೇಲೆ ತಂಬಾಕಿನ ಪುಡಿ ಇನ್ನೂ ಇತ್ತು.

"ಅಯ್ಯ, ನೀವೇನ್ರಿ ಬಡದಾವ್ರು? ನಾ ಯಾರೋ ಅಂದ್ನಿ. ಹಿಂಗ ಬಡಿಬ್ಯಾಡ್ರಿ ವೈನಿ, ಎದಿ ಧಸಕ್ ಅಂತೈತಿ. ದಿನಾ ಕೂಗಿದಂಗ ಕೂಗ್ರಿ," ಎಂದರು ಕೊಡವನ್ನು ಸೊಂಟಕ್ಕೇರಿಸುತ್ತ. "ನಿಮ್ಮ ದನಿ ಆದ್ರ ನನಗ ಗುರತ ಐತಿ."